ತಲೆಯಲ್ಲಿ ಜಟೆ ಬಿದ್ದರೆ ಅದು ಎಲ್ಲಮ್ಮನ ಕರೆಯೇ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಮಾತೊಂದಿದೆ: "ಹುಡುಗಿ ತಲ್ಯಾಗ ಜಡಿ ಬಿಟ್ಟಾವ, ಅವ್ವ ಕರ್ಯಾಕತ್ತಾಳ." ಅವ್ವ ಎಂದರೆ ಸವದತ್ತಿ ಗುಡ್ಡದ ಎಲ್ಲಮ್ಮ. ಕೂದಲು ಗಂಟುಗಟ್ಟಿ ಹಗ್ಗದಂತಾದರೆ ದೇವಿ ಆ ಹುಡುಗಿಯನ್ನು ತನ್ನವಳಾಗಿ ಕೇಳುತ್ತಿದ್ದಾಳೆ, ಅದನ್ನು ಬಾಚಬಾರದು, ಕತ್ತರಿಸಿದರೆ ರಕ್ತ ಬರುತ್ತದೆ, ಮನೆಗೆ ಕೇಡಾಗುತ್ತದೆ ಎಂಬುದು ನಂಬಿಕೆ. ಇದು ಬರೀ ಕೂದಲಿನ ವಿಷಯವಾಗಿದ್ದರೆ ನಾವು ಇಷ್ಟು ಬರೆಯಬೇಕಿರಲಿಲ್ಲ. ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಲು ಮನೆಯವರು ಕೊಟ್ಟ ಕಾರಣ ಇದೇ ಜಟೆ. ಹಾಗಾಗಿ ಮೊದಲು ಕೂದಲನ್ನೇ ನೋಡೋಣ.

ಕೂದಲು ಗಂಟಾಗುವುದು ಹೇಗೆ?

ನಮ್ಮ ಕಣ್ಣಿಗೆ ನುಣುಪಾಗಿ ಕಾಣುವ ಕೂದಲಿನ ಮೇಲ್ಪದರ ನಿಜಕ್ಕೂ ಹೆಂಚಿನ ಮಾಡಿನಂತೆ ಇರುತ್ತದೆ. ಒಂದರ ಮೇಲೊಂದು ಕೂತ ಸಣ್ಣ ಹುರುಪೆಗಳು, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಬಿಸಿಲು, ಧೂಳು, ಬಟ್ಟೆ ತೊಳೆಯುವ ಸಾಬೂನು, ಒರಟಾದ ಉಜ್ಜಾಟ ಇವುಗಳಿಂದ ಹುರುಪೆಗಳು ಎದ್ದು ನಿಲ್ಲುತ್ತವೆ. ಆಗ ಒಂದು ಕೂದಲು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಉಣ್ಣೆಯನ್ನು ನೆನೆಸಿ ತಿಕ್ಕಿದರೆ ಅದು ಕಂಬಳಿಯಂತೆ ಗಟ್ಟಿಯಾಗುತ್ತದಲ್ಲ, ಹಾಗೆ.

ಅದರ ಜೊತೆಗೆ ಹೇನು, ಸೀರು, ತಲೆಯ ಹುಣ್ಣಿನ ರಸ, ಬೆವರು, ಎಣ್ಣೆಯ ಜಿಡ್ಡು ಸೇರಿದರೆ ಅಂಟಿನ ಕೆಲಸ ಮಾಡುತ್ತವೆ. ವಾರಗಟ್ಟಲೆ ಬಾಚಣಿಗೆ ಕಾಣದ ಉದ್ದ ಕೂದಲಿಗೆ ಇಷ್ಟು ಸಾಕು. ಕೆಲವೊಮ್ಮೆ ಇದು ತಲೆಗೆ ನೀರು ಹಾಕಿಕೊಂಡ ಕೂಡಲೇ, ಒಂದೇ ದಿನದಲ್ಲಿ ಆಗುವುದೂ ಉಂಟು. ಒದ್ದೆ ಕೂದಲನ್ನು ತಲೆಯ ಮೇಲೆ ಗುಡ್ಡೆ ಹಾಕಿ ಗರಗರ ಉಜ್ಜಿದಾಗ ಅದು ಹಕ್ಕಿಗೂಡಿನಂತೆ ಬಿಗಿದುಕೊಳ್ಳುತ್ತದೆ. "ರಾತ್ರಿ ಸರಿ ಇತ್ತು, ಮುಂಜಾನೆ ಜಡಿ" ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದು ನಿಜ, ಕೊಟ್ಟುಕೊಂಡ ಕಾರಣ ಮಾತ್ರ ಬೇರೆ.

ಅದು ದೇವಿಯದು ಎಂದು ಒಮ್ಮೆ ತೀರ್ಮಾನವಾದ ಮೇಲೆ ಅದಕ್ಕೆ ಬಾಚಣಿಗೆ ತಾಗಿಸುವುದಿಲ್ಲ. ಭಂಡಾರ ಹಚ್ಚುತ್ತಾರೆ, ಎಣ್ಣೆ ಹಾಕುತ್ತಾರೆ, ಪೂಜೆ ಮಾಡುತ್ತಾರೆ. ಅರಿಸಿನ ಪುಡಿ, ಎಣ್ಣೆ, ಧೂಳು ಸೇರಿ ಗಂಟು ಇನ್ನೂ ಗಟ್ಟಿಯಾಗುತ್ತದೆ, ಉದ್ದವಾಗುತ್ತದೆ. ಬೆಳೆಯುತ್ತಿರುವ ಜಟೆಯೇ ದೇವಿ ಇದ್ದಾಳೆ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಕೂದಲು ಯಾರ ತಲೆಯಲ್ಲಾದರೂ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ.

ಪೋಲೆಂಡಿನಲ್ಲೂ ಇತ್ತು

ವೈದ್ಯಕೀಯದಲ್ಲಿ ಇದಕ್ಕೆ 'ಪ್ಲೈಕಾ ಪೊಲೊನಿಕಾ' ಎಂಬ ಹೆಸರಿದೆ. ಪೋಲೆಂಡಿನ ಜಟೆ ಎಂದು ಅರ್ಥ. ಅಲ್ಲಿನ ರೈತಾಪಿ ಜನರಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ ದೇಶದ ಹೆಸರೇ ಅಂಟಿಕೊಂಡಿತು. ಅಲ್ಲೂ ಜನ ಜಟೆ ಕತ್ತರಿಸಲು ಹೆದರುತ್ತಿದ್ದರು. ದೇಹದೊಳಗಿನ ರೋಗ ಕೂದಲಿನ ಮೂಲಕ ಹೊರಬರುತ್ತಿದೆ, ಕತ್ತರಿಸಿದರೆ ಅದು ಒಳಗೇ ತಿರುಗಿ ಬೀಳುತ್ತದೆ ಎಂದು ನಂಬಿದ್ದರು. 19ನೇ ಶತಮಾನದಲ್ಲಿ ಕ್ರಾಕೋವ್‌ನ ವೈದ್ಯ ಯೂಜೆಫ್ ಡೀಟ್ಲ್ ಇದರ ವಿರುದ್ಧ ಪ್ರಚಾರಕ್ಕಿಳಿದರು. ಜಟೆ ಇದ್ದವರ ಗಣತಿ ಮಾಡಿಸಿದರು, ದಂಡದ ಮಾತೂ ಆಡಿದರು. ಜಟೆಗೆ ತೆರಿಗೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿತಂತೆ! ಮುಂದೆ ಅಲ್ಲಿ ಜಟೆ ಅಪರೂಪವಾಯಿತು. ದಂಡದ ದಾರಿ ನಮಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಆದರೆ ಒಂದು ಮಾತು ಗಮನಿಸಬೇಕು: ಎಲ್ಲಮ್ಮನ ಹೆಸರೇ ಕೇಳದ ಊರಿನಲ್ಲೂ ಅದೇ ಗಂಟು, ಅದೇ ಭಯ.

ಕತ್ತರಿಸಿದರೆ ಏನಾಗುತ್ತದೆ?

ರಕ್ತ ಬರುವುದಿಲ್ಲ. ತಲೆಯ ಚರ್ಮದ ಹೊರಗೆ ಕಾಣುವ ಕೂದಲು ಉಗುರಿನಂತೆ ಜೀವವಿಲ್ಲದ್ದು. ಅದರಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಜೀವ ಇರುವುದು ಚರ್ಮದೊಳಗಿನ ಬೇರಿನಲ್ಲಿ ಮಾತ್ರ. ಜಟೆಯ ಕೆಳಗೆ ಹುಣ್ಣಾಗಿದ್ದು, ಕತ್ತರಿ ಅದಕ್ಕೆ ತಾಗಿದರೆ ರಕ್ತ ಬರಬಹುದು. ಅದು ಗಾಯದ ರಕ್ತ.

ಇನ್ನು ಕೇಡಿನ ಮಾತು. ಆರೇಳು ಜನರಿರುವ ಮನೆಯಲ್ಲಿ ಒಂದು ವರ್ಷದೊಳಗೆ ಯಾರಿಗಾದರೂ ಜ್ವರ ಬರುತ್ತದೆ, ಎಮ್ಮೆ ಸಾಯುತ್ತದೆ, ಕಬ್ಬಿನ ಬಿಲ್ಲು ತಡವಾಗುತ್ತದೆ. ಜಟೆ ಕತ್ತರಿಸಿದ ಮನೆಯಲ್ಲಿ ಹೀಗಾದರೆ ಅದು ಊರಿಗೆಲ್ಲ ಕಥೆಯಾಗುತ್ತದೆ, ಕತ್ತರಿಸದ ಮನೆಯಲ್ಲಾದರೆ ಬರೀ ಜ್ವರ.

ಗಂಟೇನೋ ಕೂದಲಿನದು, ಮುತ್ತು ಯಾಕೆ?

ನಮ್ಮ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಗಂಟು ಯಾವ ಜಾತಿಯ ತಲೆಯಲ್ಲಾದರೂ ಬೀಳಬಹುದು. ಹಾಗಿದ್ದರೂ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳೇ ಯಾಕೆ? ಹೊಲ ಇದ್ದವರ ಮನೆಯ ಹುಡುಗಿಗೆ ಕೂದಲು ಗಂಟಾದರೆ ಎಣ್ಣೆ ಹಚ್ಚಿ ಬಿಡಿಸುತ್ತಾರೆ. ಗಂಡುಮಗುವಿಗಾದರೆ ಕ್ಷೌರ ಮಾಡಿಸಿ ಮುಗಿಸುತ್ತಾರೆ.

ಕೆಂಪು-ಬಿಳಿ ಮಣಿಯ ಮುತ್ತು ಕೊರಳಿಗೆ ಬಿದ್ದ ಹುಡುಗಿಗೆ ಮದುವೆ ಇಲ್ಲ. ಅವಳು ತವರಿನಲ್ಲೇ ಉಳಿದು ಮಗನಂತೆ ತಂದೆತಾಯಿಯನ್ನು ಸಾಕಬೇಕು. ಗಂಡುಮಕ್ಕಳಿಲ್ಲದ, ಭೂಮಿ ಇಲ್ಲದ ಮನೆಗೆ ಅದೊಂದು ಆಸರೆ. ವರದಕ್ಷಿಣೆಯ ಖರ್ಚೂ ಇಲ್ಲ. ಆಸರೆಯ ಬೆಲೆಯನ್ನು ಹುಡುಗಿಯೇ ತೆರುತ್ತಾಳೆ: ಮೈನೆರೆದ ಮೇಲೆ ಯಾರೋ ಒಬ್ಬ ಉಳ್ಳವನ ಪಾಲಾಗುವುದು, ಅವನು ಬಿಟ್ಟುಹೋದಾಗ ಕೂಲಿ ಇಲ್ಲವೇ ದಂಧೆ, ಮಕ್ಕಳಿಗೆ ಶಾಲೆಯಲ್ಲಿ ತಂದೆಯ ಹೆಸರು ಕೇಳಿದಾಗ ತಲೆ ತಗ್ಗಿಸುವುದು. ಜಟೆ ಈ ಲೆಕ್ಕಾಚಾರಕ್ಕೆ ದೇವರ ಒಪ್ಪಿಗೆಯ ಮುದ್ರೆ ಒತ್ತುತ್ತದೆ. ಬಡತನದಿಂದ ಮಗಳನ್ನು ಬಿಟ್ಟೆವು ಎನ್ನುವುದು ಕಷ್ಟ, ಅವ್ವ ಕೇಳಿದಳು ಎನ್ನುವುದು ಸುಲಭ.

ಜಟೆ ಇರುವವರೆಲ್ಲ ದೇವದಾಸಿಯರು ಎಂದು ತಿಳಿಯಬೇಡಿ. ಎಲ್ಲಮ್ಮನ ಭಕ್ತರಾಗಿ ತಾವಾಗಿಯೇ ಜಟೆ ಬಿಟ್ಟ ಹಿರಿಯರೂ ಇದ್ದಾರೆ. ಭಾರಿ ಜಟೆಯಿಂದ ಕುತ್ತಿಗೆ ನೋವು, ತುರಿಕೆ, ದುರ್ವಾಸನೆ ಅವರಿಗೂ ತಪ್ಪಿದ್ದಲ್ಲ.

ಕಾನೂನು, ಮತ್ತು ಘಟಪ್ರಭೆಯ ಹೆಂಗಸರು

ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣೆಗೆ ಕಾಯ್ದೆ ಬಂದಿತ್ತು. ಕರ್ನಾಟಕದ ನಿಷೇಧ ಕಾಯ್ದೆ 1982ರದು. ಹುಡುಗಿ ಒಪ್ಪಿದ್ದಾಳೆ ಎಂದರೂ ಮುತ್ತು ಕಟ್ಟುವುದು ಅಪರಾಧ. 1982ರ ಆ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು ಇತ್ತು. ತಂದೆತಾಯಿ, ಪೋಷಕರು ಅಥವಾ ಸಂಬಂಧಿಕರೇ ಮಾಡಿದರೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ ಇತ್ತು. ಮುತ್ತು ಕಟ್ಟಿಸಿಕೊಂಡವಳು ಮದುವೆಯಾದರೆ ಆ ಮದುವೆ ಊರ್ಜಿತ ಎಂದೂ ಆ ಕಾಯ್ದೆ ಹೇಳಿತ್ತು. ಇದನ್ನು ಹೆಚ್ಚು ಜನರಿಗೆ ತಿಳಿಸಬೇಕು. ಸರ್ಕಾರ 1993-94 ಮತ್ತು 2007-08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಗುರುತಿಸಿದ ದೇವದಾಸಿಯರು ರಾಜ್ಯದಲ್ಲಿ ಒಟ್ಟು 46,660. ಗುಡ್ಡದ ಮೇಲೆ ಪೊಲೀಸರ ಕಣ್ಣು ಬಿದ್ದ ಮೇಲೆ ಮುತ್ತು ಕಟ್ಟುವುದು ಮನೆಯೊಳಗೆ, ಸಣ್ಣ ಗುಡಿಗಳಿಗೆ ಸರಿಯಿತು.

ಅಲ್ಲಿಗೆ ಕಾಲಿಟ್ಟವರು ಮಾಜಿ ದೇವದಾಸಿಯರೇ. ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಅವರೇ 1997ರಲ್ಲಿ ಕಟ್ಟಿಕೊಂಡ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ'ಯನ್ನು ಎಲ್ಲರೂ 'ಮಾಸ್' ಎನ್ನುತ್ತಾರೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ ಏಳರ ಪ್ರಾಯದಲ್ಲೇ ಮುತ್ತು ಕಟ್ಟಲಾಗಿತ್ತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಂವಹನ ಓದಿದ ನಮಗೆ ಇಲ್ಲೊಂದು ಪಾಠ ಕಾಣುತ್ತದೆ. "ಇದು ಮೂಢನಂಬಿಕೆ" ಎಂದು ಹೊರಗಿನವರು ಹೇಳಿದರೆ ಮನೆಯವರು ಬಾಗಿಲು ಹಾಕುತ್ತಾರೆ. "ನನ್ನ ಕೊರಳಾಗೂ ಮುತ್ತಿತ್ತು, ತೆಗೆದೆ, ಏನೂ ಆಗಲಿಲ್ಲವ್ವಾ" ಎಂದು ಅದೇ ಭಾಷೆಯಲ್ಲಿ ಹೇಳುವವಳ ಮುಂದೆ ತಾಯಂದಿರು ಕೂತು ಕೇಳುತ್ತಾರೆ.

ನಿಮ್ಮ ಮನೆಯಲ್ಲೇ ಕಂಡರೆ

ಹೊಸ ಗಂಟಾದರೆ ಕೊಬ್ಬರಿ ಎಣ್ಣೆ ಧಾರಾಳ ಹಚ್ಚಿ, ತುದಿಯಿಂದ ಬುಡದ ಕಡೆಗೆ ಬೆರಳಲ್ಲೇ ನಿಧಾನ ಬಿಡಿಸಿ. ಹಳೆಯದಾಗಿ ಕಲ್ಲಿನಂತಾಗಿದ್ದರೆ ಕತ್ತರಿಸುವುದೊಂದೇ ದಾರಿ. ಚರ್ಮಕ್ಕೆ ತಾಗದಂತೆ ಒಂದು ಬೆರಳಿನಷ್ಟು ಬಿಟ್ಟು ಕತ್ತರಿಸಿ. ಆಮೇಲೆ ಹೇನಿಗೆ ಔಷಧಿ, ಹುಣ್ಣಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ದೊಡ್ಡವರಾದರೆ ಅವರ ಮನಸ್ಸು ಒಪ್ಪುವವರೆಗೆ ಕಾಯಿರಿ. ಮೊದಲು ಪೂಜೆ ಮಾಡಿ ಆಮೇಲೆ ಕತ್ತರಿಸುತ್ತೇವೆ ಎಂದರೆ ಮಾಡಲಿ ಬಿಡಿ, ಪೂಜೆಯಿಂದ ಯಾರಿಗೂ ನಷ್ಟವಿಲ್ಲ.

ಚಿಕ್ಕ ಹುಡುಗಿಗೆ ಮುತ್ತು ಕಟ್ಟುವ ಮಾತು ಕೇಳಿಬಂದರೆ ಮಾತ್ರ ಕಾಯಬೇಡಿ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181. ಎರಡಕ್ಕೂ ದುಡ್ಡಿಲ್ಲದೆ ಕರೆ ಮಾಡಬಹುದು.