ಕೋಡ್ ಬರೆಯದೆಯೂ ಆ್ಯಪ್ ರೆಡಿ: ಇನ್ನು ಇಂಜಿನಿಯರ್‌ಗೆ ಏನು ಕೆಲಸ?

ಜಮಾಅತ್‌ನ ಲೆಕ್ಕ ಅಂದರೆ ನಮಗೆಲ್ಲ ನೆನಪಾಗುವುದು ದಪ್ಪ ರಟ್ಟಿನ ಉದ್ದನೆಯ ರಿಜಿಸ್ಟರ್. ಯಾವ ಮನೆಯ ವಂತಿಗೆ ಬಂತು, ಯಾರದ್ದು ಬಾಕಿ, ರಂಝಾನ್ ಕಿಟ್ ಯಾರಿಗೆ ಹೋಗಬೇಕು, ಎಲ್ಲ ಅದರೊಳಗೆ. ಕಳೆದ ರಂಝಾನ್‌ಗೆ ಮೊದಲು ನಮ್ಮ ಮೊಹಲ್ಲಾದಲ್ಲಿ ಅದು ಮೊಬೈಲಿಗೆ ಬಂತು. ಮಾಡಿದವರು ಇಂಜಿನಿಯರ್ ಅಲ್ಲ, ಗಲ್ಫ್‌ನಲ್ಲಿ ಸ್ಟೋರ್ ಕೀಪರ್ ಆಗಿದ್ದು ಊರಿಗೆ ಮರಳಿದ ಯುವಕ. ಗೂಗಲ್ ಶೀಟ್‌ನಲ್ಲಿ ಪಟ್ಟಿ ತುಂಬಿಸಿ, ಅದನ್ನು ಆ್ಯಪ್‌ಶೀಟ್‌ಗೆ ಜೋಡಿಸಿ ಎರಡೇ ವಾರದಲ್ಲಿ ಆ್ಯಪ್ ತಯಾರು. ಒಂದು ಸಾಲು ಕೋಡ್ ಬರೆದಿಲ್ಲ ಮಾರಾಯ್ರೇ!

ಇದನ್ನೇ ಲೋ-ಕೋಡ್, ನೋ-ಕೋಡ್ ಅನ್ನುವುದು. ಝೋಹೋ ಕ್ರಿಯೇಟರ್ 2006ರಿಂದಲೇ ಉಂಟು. ಆ್ಯಪ್‌ಶೀಟನ್ನು ಗೂಗಲ್ 2020ರಲ್ಲಿ ಖರೀದಿಸಿತು. ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್ ಗಲ್ಫ್ ಕಂಪನಿಗಳಲ್ಲಿರುವ ನಮ್ಮ ಹುಡುಗರಿಗೆ ಹೊಸತಲ್ಲ.

ಈದ್‌ಗೆ ಬೆಂಗಳೂರಿನಿಂದ ಬಂದ ನೆರೆಮನೆಯ ಹುಡುಗಿ ಸಾಫ್ಟ್‌ವೇರ್ ಡೆವಲಪರ್. ಆ್ಯಪ್ ನೋಡಿ ಮೆಚ್ಚಿಕೊಂಡಳು. ಮತ್ತೆ ಕೇಳಿದಳು: "ಝಕಾತ್ ಪಡೆಯುವವರ ಪಟ್ಟಿ ಯಾರ್ಯಾರ ಮೊಬೈಲಿಗೆ ಹೋಗ್ತದೆ?" ಯುವಕ ಹೇಳಿದ್ದು, "ಅದನ್ನು ಅಡಗಿಸಿದ್ದೇನಲ್ಲಾ." ಅಲ್ಲೇ ಎಡವಟ್ಟು. ಸ್ಕ್ರೀನ್‌ನಲ್ಲಿ ಕಾಣದಂತೆ ಮಾಡಿದರೂ ಮಾಹಿತಿ ಪ್ರತಿಯೊಬ್ಬರ ಫೋನಿಗೂ ಇಳಿಯುತ್ತಿತ್ತು. ಅದನ್ನು ತಡೆಯಲು ಸೆಕ್ಯುರಿಟಿ ಫಿಲ್ಟರ್ ಎಂಬುದನ್ನು ಬೇರೆಯೇ ಹಾಕಬೇಕು. ಆ ಪಟ್ಟಿಯಲ್ಲಿ ನೆರೆಮನೆಗೂ ಗೊತ್ತಾಗದ ಹಾಗೆ ನೆರವು ಪಡೆಯುವ ವಿಧವೆಯರ ಹೆಸರುಗಳಿದ್ದವು. ಯಾರಾದರೂ ತೆಗೆದು ನೋಡಿದ್ದಾರೋ ಇಲ್ಲವೋ, ಅಲ್ಲಾಹನಿಗೇ ಗೊತ್ತು. ಈಗ ಆ ಪಟ್ಟಿ ಬೇರೆ ಶೀಟ್‌ನಲ್ಲಿದೆ, ಕಮಿಟಿಯ ಮೂವರಿಗೆ ಮಾತ್ರ.

ಯುವಕನನ್ನು ನಾವು ದೂರುವುದಿಲ್ಲ. ದೊಡ್ಡವರೂ ಇಲ್ಲೇ ಬಿದ್ದಿದ್ದಾರೆ. 2021ರಲ್ಲಿ ಪವರ್ ಆ್ಯಪ್ಸ್‌ನಿಂದ ಮಾಡಿದ ಪೋರ್ಟಲ್‌ಗಳಲ್ಲಿ 3.8 ಕೋಟಿ ದಾಖಲೆಗಳು ಯಾರು ಬೇಕಾದರೂ ನೋಡುವಂತೆ ತೆರೆದು ಬಿದ್ದಿದ್ದನ್ನು ಅಪ್‌ಗಾರ್ಡ್ ಎಂಬ ಭದ್ರತಾ ಸಂಸ್ಥೆ ಪತ್ತೆಹಚ್ಚಿತು. ಅದರಲ್ಲಿ ಲಸಿಕೆಯ ಅಪಾಯಿಂಟ್‌ಮೆಂಟ್ ವಿವರಗಳೂ ಇದ್ದವು. ಹ್ಯಾಕ್ ಮಾಡಿದ್ದಲ್ಲ, ಅನುಮತಿಯ ಒಂದು ಸೆಟ್ಟಿಂಗ್ ಆನ್ ಮಾಡಿರಲಿಲ್ಲ, ಅಷ್ಟೇ. ಬಾಧಿತರಲ್ಲಿ ಸ್ವತಃ ಮೈಕ್ರೋಸಾಫ್ಟ್ ಕೂಡ ಇತ್ತು!

ಇನ್ನೊಂದು ತಪ್ಪನ್ನು ಹಿಡಿದದ್ದು ಇಂಜಿನಿಯರ್ ಅಲ್ಲ, ನಮ್ಮ ಉಸ್ತಾದರು. ಝಕಾತ್ ನೆನಪಿಸುವ ಮೆಸೇಜ್ 365 ದಿನಕ್ಕೊಮ್ಮೆ ಹೋಗುವಂತೆ ಇಡಲಾಗಿತ್ತು. ಹಿಜ್‌ರಿ ವರ್ಷಕ್ಕೆ 354 ಅಥವಾ 355 ದಿನ. ವರ್ಷಕ್ಕೆ ಹತ್ತು-ಹನ್ನೊಂದು ದಿನ ತಡವಾಗುತ್ತಾ ಹೋದರೆ 33 ವರ್ಷದಲ್ಲಿ ಒಂದು ಇಡೀ ವರ್ಷದ ಝಕಾತೇ ತಪ್ಪಿಹೋಗುತ್ತದೆ.

ಮಕ್ಕಳನ್ನು ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಿದ, ಕೆಲವರು ಸಾಲ ಮಾಡಿಯೂ ಸೇರಿಸಿದ ಹೆತ್ತವರು ಈಗ ನಮ್ಮಲ್ಲಿ ಕೇಳುತ್ತಾರೆ, "ಆ ಸೀಟು ಇನ್ನು ಪ್ರಯೋಜನಕ್ಕುಂಟಾ?" ಸುಳ್ಳು ಸಮಾಧಾನ ಹೇಳಲಾರೆವು. ಫಾರ್ಮ್, ಬಿಲ್ಲು, ಹಾಜರಿ ಪಟ್ಟಿಯ ಸಣ್ಣ ಆ್ಯಪ್ ಮಾಡಿಕೊಟ್ಟು ಸಂಪಾದಿಸುವ ಕೆಲಸ ಕಡಿಮೆಯಾಗುತ್ತದೆ, ಅದನ್ನು ಅಂಗಡಿಯವರೇ ಮಾಡಿಕೊಳ್ಳುತ್ತಾರೆ. ಆದರೆ ಆ ಹುಡುಗಿ ಕೇಳಿದ ಪ್ರಶ್ನೆಯನ್ನು ಆ್ಯಪ್‌ಶೀಟ್ ತಾನಾಗಿ ಕೇಳಲಿಲ್ಲ. ಡೇಟಾಬೇಸ್, ನೆಟ್‌ವರ್ಕ್, ಸೆಕ್ಯುರಿಟಿ ಸರಿಯಾಗಿ ಕಲಿತವರನ್ನು ಹುಡುಕಿಕೊಂಡು ಹೋಗುವ ಸರದಿ ಈಗ ನಮ್ಮಂಥ ಕಮಿಟಿಗಳದ್ದು. ಬರೀ ಸರ್ಟಿಫಿಕೇಟ್‌ಗಾಗಿ ಪಾಸಾದವರ ಬಗ್ಗೆ ನಮಗೂ ಚಿಂತೆ ಉಂಟು.

ಯುವಕನೇ ಈಗಲೂ ಆ್ಯಪ್ ನೋಡಿಕೊಳ್ಳುತ್ತಾನೆ. ಏನಾದರೂ ಬದಲಿಸುವ ಮೊದಲು ಬೆಂಗಳೂರಿಗೆ ಒಂದು ಕಾಲ್ ಮಾಡುತ್ತಾನೆ. ಹಳೆಯ ರಿಜಿಸ್ಟರ್ ಇನ್ನೂ ಮಸೀದಿಯ ಕಪಾಟಿನಲ್ಲೇ ಇದೆ. ಖಜಾಂಚಿಯವರು ಅದರಲ್ಲೂ ಬರೆಯುತ್ತಿದ್ದಾರೆ.