ಇತಿಹಾಸ ಸಂಶೋಧನೆಯೂ ರಾಜಕೀಯ ಒತ್ತಡವೂ: ಪೋಲೆಂಡಿನ ಒಂದು ನಿದರ್ಶನ

ಇತಿಹಾಸಕಾರನ ಸ್ವಾತಂತ್ರ್ಯವೆಂಬುದು ತೋರಿದ್ದನ್ನೆಲ್ಲ ಬರೆಯುವ ಸ್ವಚ್ಛಂದತೆಯಲ್ಲ. ಆಧಾರಗಳು ಎತ್ತ ಕೊಂಡೊಯ್ಯುವುವೋ ಅತ್ತ ನಿರ್ಭಯವಾಗಿ ಸಾಗುವ ಹಕ್ಕು. ಗ್ರಂಥವನ್ನು ನಿಷೇಧಿಸಿದಾಗ ಮಾತ್ರ ಈ ಹಕ್ಕಿಗೆ ಚ್ಯುತಿ ಬರುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಿಷೇಧವಿಲ್ಲದೆಯೂ ಸಂಶೋಧನೆಯನ್ನು ಕುಗ್ಗಿಸಬಹುದೆಂಬುದಕ್ಕೆ, ಎರಡನೆಯ ಮಹಾಯುದ್ಧ ಕಾಲದ ಯೆಹೂದ್ಯರ ಸಾಮೂಹಿಕ ಹತ್ಯೆಯನ್ನು, ಅಂದರೆ ಹೋಲೋಕಾಸ್ಟನ್ನು, ಕುರಿತ ಅಧ್ಯಯನವು ಪೋಲೆಂಡಿನಲ್ಲಿ ಕಂಡ ಅನುಭವ ನಿದರ್ಶನವಾಗಿದೆ.

ಮೊದಲು ಹಿನ್ನೆಲೆಯನ್ನು ಗಮನಿಸೋಣ. 1939ರಲ್ಲಿ ಪೋಲೆಂಡಿನಲ್ಲಿದ್ದ ಸುಮಾರು 33 ಲಕ್ಷ ಯೆಹೂದ್ಯರಲ್ಲಿ ಸುಮಾರು 30 ಲಕ್ಷ ಮಂದಿ ಹತರಾದರು. ಈ ಹತ್ಯೆಯನ್ನು ಯೋಜಿಸಿ ನಡೆಸಿದುದು ನಾಜಿ ಜರ್ಮನಿ. ಮರಣ ಶಿಬಿರಗಳನ್ನು ಸ್ಥಾಪಿಸಿದವರೂ ಜರ್ಮನರೇ. ಯೆಹೂದ್ಯೇತರ ಪೋಲಿಷ್ ಜನರೂ ಲಕ್ಷಗಟ್ಟಲೆ ಸತ್ತರು. ಯೆಹೂದ್ಯರಿಗೆ ಆಶ್ರಯವಿತ್ತವರಿಗೆ ಮರಣದಂಡನೆ ಕಾದಿದ್ದರೂ ಆಶ್ರಯವಿತ್ತವರುಂಟು. ಅಂಥ 7,000ಕ್ಕೂ ಹೆಚ್ಚು ಮಂದಿಯನ್ನು ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಗೌರವಿಸಿದೆ. ಆದುದರಿಂದ 'ಪೋಲಿಷ್ ಮರಣ ಶಿಬಿರ' ಎಂಬ ಮಾತಿಗೆ ಆ ದೇಶದವರು ಆಕ್ಷೇಪಿಸುವುದು ನ್ಯಾಯವೇ. ಆದರೆ ಕಠಿನವಾದ ಇನ್ನೊಂದು ಪ್ರಶ್ನೆಯುಂಟು: ನೆರೆಹೊರೆಯವರಲ್ಲಿ ಕೆಲವರು ಯೆಹೂದ್ಯರ ವಿಷಯದಲ್ಲಿ ಹೇಗೆ ನಡೆದುಕೊಂಡರು?

ಈ ಪ್ರಶ್ನೆಯನ್ನು ದೇಶದ ಮುಂದಿಟ್ಟುದು 2000ದಲ್ಲಿ ಪ್ರಕಟವಾದ ಯಾನ್ ಗ್ರೋಸ್ ಅವರ 'ನೆರೆಯವರು' ಎಂಬ ಗ್ರಂಥ. 1941ರ ಜುಲೈ 10ರಂದು ಯೆದ್ವಾಬ್ನೆ ಎಂಬ ಊರಿನ ಯೆಹೂದ್ಯರನ್ನು ಅದೇ ಊರಿನ ಪೋಲಿಷ್ ನಿವಾಸಿಗಳು ಕೊಂದ ಸಂಗತಿಯನ್ನು ಅದು ವಿವರಿಸಿತು. ಗ್ರೋಸ್ ಅವರು ಸತ್ತವರ ಸಂಖ್ಯೆ 1,600 ಎಂದಿದ್ದರು. ಬಳಿಕ ಸರ್ಕಾರಿ ತನಿಖೆಯು ಅದು 340ಕ್ಕೆ ಕಡಿಮೆಯಿಲ್ಲವೆಂದು ನಿರ್ಣಯಿಸಿ, ಜರ್ಮನರ ಪ್ರಚೋದನೆಯನ್ನೂ ಸ್ಥಳೀಯರ ಕೈವಾಡವನ್ನೂ ಎತ್ತಿಹೇಳಿತು. ಸಂಖ್ಯೆಯು ವಿವಾದಕ್ಕೊಳಗಾಯಿತು, ಕೃತ್ಯದ ಮೂಲಸತ್ಯವು ನಿಂತಿತು. ಸಂಶೋಧನೆಯನ್ನು ಸಂಶೋಧನೆಯೇ ಪರೀಕ್ಷಿಸಿದ ಈ ಕ್ರಮವೇ ಶಾಸ್ತ್ರದ ಸಹಜ ಮಾರ್ಗ.

ಮುಂದೆ ನಡೆದುದು ಬೇರೆಯ ಮಾರ್ಗ. ಹತ್ಯಾಕಾಂಡದ ಹೊಣೆಯನ್ನು, ವಾಸ್ತವಕ್ಕೆ ವಿರುದ್ಧವಾಗಿ, ಪೋಲಿಷ್ ರಾಷ್ಟ್ರದ ಮೇಲೆ ಹೊರಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುವ ಕಾನೂನು 2018ರ ಆರಂಭದಲ್ಲಿ ಅಂಗೀಕೃತವಾಯಿತು. ವಿದ್ವತ್ ಕಾರ್ಯಕ್ಕೆ ಅದರಲ್ಲಿ ವಿನಾಯಿತಿಯಿತ್ತು. ಆದರೆ ಸಂಶೋಧನೆಯಾವುದು, ಅಲ್ಲದುದಾವುದು ಎಂದು ನಿರ್ಣಯಿಸುವವರು ಸರ್ಕಾರಿ ವಕೀಲರೂ ನ್ಯಾಯಾಧೀಶರೂ ಆಗುತ್ತಿದ್ದರು. ವಿದೇಶಗಳ ತೀವ್ರ ಟೀಕೆಯ ನಂತರ ಅದೇ ಜೂನ್ ತಿಂಗಳಲ್ಲಿ ಸೆರೆವಾಸದ ವಿಧಿಯನ್ನು ತೆಗೆದುಹಾಕಲಾಯಿತು; ಸಿವಿಲ್ ದಾವೆಯ ಅವಕಾಶ ಮಾತ್ರ ಉಳಿಯಿತು.

ಅದೇ ವರ್ಷ ಬಾರ್ಬರಾ ಎಂಗೆಲ್ಕಿಂಗ್ ಮತ್ತು ಯಾನ್ ಗ್ರಬೋವ್ಸ್ಕಿ ಸಂಪಾದಿಸಿದ 'ಕೊನೆಯಿಲ್ಲದ ರಾತ್ರಿ' ಎಂಬ ಎರಡು ಸಂಪುಟಗಳ ಗ್ರಂಥ ಹೊರಬಂದಿತು. ಅದರಲ್ಲಿ ಯುದ್ಧಕಾಲದ ಗ್ರಾಮಾಧಿಕಾರಿಯೊಬ್ಬನನ್ನು ಕುರಿತ ಕೆಲವು ಸಾಲುಗಳು ತಪ್ಪೆಂದು ಆತನ ಬಂಧುವೊಬ್ಬರು ಸಾಮಾನ್ಯ ಸಿವಿಲ್ ಕಾನೂನಿನಡಿ ದಾವೆ ಹೂಡಿದರು. ಸಂಘಟನೆಯೊಂದು ಬೆಂಬಲಕ್ಕೆ ನಿಂತಿತು. 2021ರ ಫೆಬ್ರವರಿಯಲ್ಲಿ ವಾರ್ಸಾದ ನ್ಯಾಯಾಲಯವು ಇಬ್ಬರೂ ಕ್ಷಮೆ ಕೇಳಬೇಕೆಂದು ಆದೇಶಿಸಿತು. ಆಗಸ್ಟಿನಲ್ಲಿ ಮೇಲ್ಮನವಿಯ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿ, ವಿದ್ವತ್ ಚರ್ಚೆಯಲ್ಲಿ ನ್ಯಾಯಾಲಯ ಕೈಹಾಕುವುದು ಸಲ್ಲದೆಂದಿತು.

ಒತ್ತಡಕ್ಕೆ ಇನ್ನೂ ಎರಡು ದಾರಿಗಳುಂಟು: ನೇಮಕ ಮತ್ತು ಅನುದಾನ. ವಾರ್ಸಾದ ಪೋಲಿನ್ ಸಂಗ್ರಹಾಲಯದ ನಿರ್ದೇಶಕ ಸ್ಥಾನಕ್ಕೆ 2019ರಲ್ಲಿ ಇತಿಹಾಸಕಾರ ದಾರಿಯುಷ್ ಸ್ತೋಲಾ ಮತ್ತೆ ಆಯ್ಕೆಯಾದರೂ ಮಂತ್ರಿಯು ನೇಮಕ ಮಾಡಲಿಲ್ಲ. ಸ್ತೋಲಾ 2020ರಲ್ಲಿ ಹಿಂದೆ ಸರಿದರು. 2023ರಲ್ಲಿ ಎಂಗೆಲ್ಕಿಂಗ್ ಅವರ ದೂರದರ್ಶನದ ಮಾತುಗಳಿಗೆ ಕೆರಳಿದ ಶಿಕ್ಷಣ ಮಂತ್ರಿಯು ಅವರ ಸಂಸ್ಥೆಗೆ ಸಲ್ಲುವ ಹಣದ ಪ್ರಶ್ನೆಯನ್ನೆತ್ತಿದರು. ಇದು ಒಂದು ಪಕ್ಷದ ದೋಷವೆಂದು ತಿಳಿಯಲಾಗದು; 1966ರಲ್ಲಿ ವಿಶ್ವಕೋಶವೊಂದು ಮರಣ ಶಿಬಿರಗಳನ್ನು ಇತರ ಸೆರೆಶಿಬಿರಗಳಿಂದ ಬೇರ್ಪಡಿಸಿ ಬರೆದುದಕ್ಕಾಗಿ, ಕಮ್ಯುನಿಸ್ಟ್ ಆಡಳಿತವೂ ಅದರ ಸಂಪಾದಕರನ್ನು ಹೊರಹಾಕಿತ್ತು.

ಹಾಗಾದರೆ ಇತಿಹಾಸಕಾರನ ತಪ್ಪನ್ನು ಯಾರೂ ಪ್ರಶ್ನಿಸಕೂಡದೆ? ಅವಶ್ಯವಾಗಿ ಪ್ರಶ್ನಿಸಬೇಕು, ಆದರೆ ಮೂಲಪತ್ರಗಳನ್ನು ಮುಂದಿಟ್ಟು, ವಿಮರ್ಶೆಯ ಮೂಲಕ. ಹೆಸರಾಂತ ಪ್ರಾಧ್ಯಾಪಕರು ದಾವೆಯನ್ನೆದುರಿಸಿ ಗೆದ್ದಾರು. ವಿಷಯವನ್ನು ಇನ್ನೂ ಆರಿಸಿಕೊಳ್ಳುತ್ತಿರುವ ತರುಣ ವಿದ್ಯಾರ್ಥಿಯಾದರೋ, ವೆಚ್ಚವನ್ನೂ ಕಾಲಹರಣವನ್ನೂ ನೆನೆದು ಸುರಕ್ಷಿತವಾದ ಬೇರೊಂದು ವಿಷಯವನ್ನು ಆರಿಸಿಕೊಳ್ಳುತ್ತಾನೆ. ಹೀಗೆ ಬರೆಯದೆ ಉಳಿದ ಪ್ರಬಂಧವನ್ನು ಯಾವ ಮೇಲ್ಮನವಿಯ ನ್ಯಾಯಾಲಯವೂ ಮರಳಿಸಲಾರದು. ಒತ್ತಡದ ನಿಜವಾದ ಹಾನಿ ಇದೇ ಎಂದು ನಾವು ತಿಳಿಯುತ್ತೇವೆ.