ಒಂದನೇ ನಂಬರಿನ ಆಳು

ಎರಡು ಕಂಪ್ಯೂಟರ್, ಒಂದೇ ಪರೀಕ್ಷೆ. ಚಾಲೂ ಮಾಡಿ, ಲಾಗಿನ್ ಆಗಿ, ಟರ್ಮಿನಲ್ ತೆರೆದು, ಹುಟ್ಟಿದ ಪ್ರಕ್ರಿಯೆಗಳ ಸಾಲಿನಲ್ಲಿ ಅದರ ಕ್ರಮಸಂಖ್ಯೆ ಕೇಳಿದಾಗ ಆಪಲ್‌ನ ಯಂತ್ರ 154 ಎಂದಿತು. ಲಿನಕ್ಸ್ 1823 ಎಂದಿತು. ಬಳಕೆದಾರ ಇನ್ನೂ ಒಂದು ಕೆಲಸವನ್ನೂ ಹೇಳಿರಲಿಲ್ಲ. ಅಷ್ಟರಲ್ಲೇ ಲಿನಕ್ಸ್ ಸಾವಿರದೆಂಟುನೂರು ಪ್ರಕ್ರಿಯೆಗಳನ್ನು ಹುಟ್ಟಿಸಿಯಾಗಿತ್ತು.

2010ರಲ್ಲಿ ಈ ಲೆಕ್ಕವನ್ನು ಮುಂದಿಟ್ಟವರು ಜರ್ಮನಿಯ ಲೆನಾರ್ಟ್ ಪೊಟರಿಂಗ್. ತಪ್ಪು ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ವ್ಯವಸ್ಥೆಯ ತಿರುಳಾದ ಕರ್ನೆಲ್ ಎಚ್ಚರಾದೊಡನೆ ಎಬ್ಬಿಸುವ ಮೊದಲ ಪ್ರೋಗ್ರಾಂ 'ಇನಿಟ್'. ಅದರ ಕ್ರಮಸಂಖ್ಯೆ ಸದಾ 1. ಅದು ಸತ್ತರೆ ಇಡೀ ವ್ಯವಸ್ಥೆಯೇ ನಿಲ್ಲುತ್ತಿತ್ತು, ಹಾಗಾಗಿ ಅದನ್ನು ಮುಟ್ಟಲು ಎಲ್ಲರಿಗೂ ಅಂಜಿಕೆ. 1980ರ ದಶಕದ ಯುನಿಕ್ಸ್‌ನಿಂದ ಬಂದ ಪದ್ಧತಿಯಲ್ಲಿ ಸ್ಕ್ರಿಪ್ಟ್‌ಗಳು ನಂಬರಿನ ಪ್ರಕಾರ ಒಂದಾದ ಮೇಲೊಂದು ಓಡುತ್ತಿದ್ದವು. ಒಂದು ತಡವರಿಸಿದರೆ ಅದರ ಹಿಂದೆ ನಿಂತವೆಲ್ಲ ಕಾಯಬೇಕಿತ್ತು. ತಮ್ಮ ಯಂತ್ರದ ಸ್ಕ್ರಿಪ್ಟ್‌ಗಳನ್ನು ಪೊಟರಿಂಗ್ ಜಾಲಾಡಿ, ಅವು ಕರೆಯುವ ಚಿಕ್ಕ ಉಪಕರಣಗಳನ್ನು ಎಣಿಸಿಯೇ ನೋಡಿದರು: 'ಆಕ್' 92 ಕಡೆ, 'ಗ್ರೆಪ್' 77 ಕಡೆ, 'ಸೆಡ್' 74 ಕಡೆ. ಪ್ರತಿ ಕರೆಗೂ ಹೊಸದೊಂದು ಪ್ರಕ್ರಿಯೆ ಹುಟ್ಟುತ್ತಿತ್ತು.

ಮದ್ದು ಹುಡುಕಿದವರು ಮೊದಲೂ ಇದ್ದರು. 2005ರಲ್ಲಿ ಆಪಲ್ 'ಲಾಂಚ್‌ಡಿ' ತಂದಿತ್ತು. 2006ರಲ್ಲಿ ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿಗಾಗಿ ಸ್ಕಾಟ್ ಜೇಮ್ಸ್ ರೆಮ್ನಂಟ್ 'ಅಪ್‌ಸ್ಟಾರ್ಟ್' ಬರೆದಿದ್ದರು. ಪೊಟರಿಂಗ್ ಮತ್ತು ಗೆಳೆಯ ಕಾಯ್ ಸೀವರ್ಸ್ ಕೂಡ ಮೊದಲು ಅಪ್‌ಸ್ಟಾರ್ಟ್ ಮೇಲೆಯೇ ಭರವಸೆ ಇಟ್ಟಿದ್ದರು. ಸಮ್ಮೇಳನವೊಂದು ಮುಗಿದು ಊರಿಗೆ ಮರಳುವ ವಿಮಾನದಲ್ಲಿ ಇಬ್ಬರೂ ಮಾತಿಗೆ ಕೂತಾಗ ಆ ಭರವಸೆ ಕರಗಿತು. ಯಾವುದರ ನಂತರ ಯಾವುದು ಎಂಬ ಜಂಜಾಟವನ್ನು ಅಪ್‌ಸ್ಟಾರ್ಟ್ ಕೂಡ ಮನುಷ್ಯನ ತಲೆಗೇ ಕಟ್ಟಿತ್ತು. ಇಬ್ಬರೂ ಹೊಸದನ್ನೇ ಬರೆಯತೊಡಗಿದರು. ಕೂಸಿಗೆ ಮೊದಲಿಟ್ಟ ಹೆಸರು 'ಬೇಬಿಕಿಟ್'. 2010ರ ಏಪ್ರಿಲ್ 30ರಂದು ಅದು 'ಸಿಸ್ಟಮ್‌ಡಿ' ಎಂಬ ಹೆಸರಿನಲ್ಲಿ ಬಯಲಿಗೆ ಬಂತು.

ಲಿನಕ್ಸ್‌ನ ಮತ್ತೊಂದು ರೂಪವಾದ ಫೆಡೋರಾದ 14ನೇ ಆವೃತ್ತಿಯಲ್ಲಿ ಅದನ್ನು ಅಳವಡಿಸುವ ಸಿದ್ಧತೆ ನಡೆದಿತ್ತು. ಕೊನೆ ಗಳಿಗೆಯಲ್ಲಿ, ಇನ್ನೂ ಪಕ್ವವಾಗಿಲ್ಲವೆಂದು ಕೈಬಿಟ್ಟರು. 2011ರ ಮೇ ತಿಂಗಳಲ್ಲಿ, ಫೆಡೋರಾ 15ರಲ್ಲಿ, ಅದಕ್ಕೆ ಜಾಗ ಸಿಕ್ಕಿತು. ಜೊತೆಗೆ ಜಗಳವೂ ಹೊತ್ತಿಕೊಂಡಿತು. ಚಿಕ್ಕ ಚಿಕ್ಕ ಉಪಕರಣಗಳ ಯುನಿಕ್ಸ್ ಮನೆಯಲ್ಲಿ ಒಂದೇ ಪ್ರೋಗ್ರಾಂ ಎಲ್ಲವನ್ನೂ ನುಂಗುತ್ತದೆಂಬ ಆತಂಕ ಅನೇಕರದು. ಅದನ್ನು ಸುಳ್ಳೆನ್ನಲು ಬರುವಂತಿರಲಿಲ್ಲ. ಆದರೆ ಮಾತು ಎಲ್ಲೆ ಮೀರಿತು. ತಮ್ಮನ್ನು ಕೊಲ್ಲಿಸಲು ಬಿಟ್‌ಕಾಯಿನ್ ಕೂಡಿಸಿದವರೂ ಇದ್ದರೆಂದು 2014ರಲ್ಲಿ ಪೊಟರಿಂಗ್ ಬರೆದುಕೊಂಡರು. ಕಂಪ್ಯೂಟರ್ ಹೇಗೆ ಏಳಬೇಕೆಂಬ ವಾದ ಇಲ್ಲಿಗೆ ಮುಟ್ಟಿದ್ದು ನಿಜಕ್ಕೂ ನೋವಿನ ಸಂಗತಿ.

ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್‌ನ ಬಳಗದಲ್ಲಿ ಯಾವ ಇನಿಟ್ ಬೇಕೆಂಬ ಪ್ರಶ್ನೆ ತಾಂತ್ರಿಕ ಸಮಿತಿಯ ಎಂಟು ಮಂದಿಯ ಮುಂದೆ ಬಂತು. ತಿಂಗಳುಗಟ್ಟಲೆ ಚರ್ಚೆ ನಡೆದು ಮತ ಎಣಿಸಿದಾಗ ನಾಲ್ಕು ಅತ್ತ, ನಾಲ್ಕು ಇತ್ತ. 2014ರ ಫೆಬ್ರುವರಿ 11ರಂದು ಅಧ್ಯಕ್ಷ ಬಿಡೇಲ್ ಗಾರ್ಬಿ ತಮ್ಮ ನಿರ್ಣಾಯಕ ಮತದಿಂದ ತಕ್ಕಡಿಯನ್ನು ಸಿಸ್ಟಮ್‌ಡಿಯತ್ತ ವಾಲಿಸಿದರು. ಮೂರು ದಿನದಲ್ಲಿ ಉಬುಂಟುವಿನ ಮಾರ್ಕ್ ಶಟಲ್‌ವರ್ತ್ ತಮ್ಮದೇ ಅಪ್‌ಸ್ಟಾರ್ಟ್ ಬಿಟ್ಟುಕೊಡಲು ಒಪ್ಪಿದರು. ಒಪ್ಪದ ಕೆಲವರು 'ಡೆವುಆನ್' ಎಂಬ ಬೇರೆ ಮನೆ ಕಟ್ಟಿಕೊಂಡರು.

ಇಷ್ಟೆಲ್ಲದರ ತಿರುಳು ರಾಣೆಬೆನ್ನೂರಿನ ಹಿಟ್ಟಿನ ಗಿರಣಿಯಷ್ಟು ಸರಳ. ಕರೆಂಟ್ ಇಲ್ಲದಾಗ ಜನ ಜೋಳದ ಡಬ್ಬಿಯನ್ನು ಪಾಳಿಗೆ ಇಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಸಿಸ್ಟಮ್‌ಡಿ ಮಾಡಿದ್ದೂ ಅದನ್ನೇ. ಹಿನ್ನೆಲೆಯಲ್ಲಿ ಓಡುವ ಸೇವೆಗಳು ಏಳುವ ಮೊದಲೇ, ಸಂದೇಶಗಳು ಬಂದು ಸೇರುವ ಅವುಗಳ ಸಾಕೆಟ್‌ಗಳನ್ನು ತೆರೆದಿಟ್ಟು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿತು. ಇನ್ನೂ ಕಣ್ಣುಬಿಡದ ಸೇವೆಗೆ ಬಂದ ಸಂದೇಶವನ್ನು ಕರ್ನೆಲ್ ಸಾಕೆಟ್‌ನಲ್ಲಿ ಕಾದಿರಿಸಿತು. ನಡುವೆ ಸೇವೆ ಕುಸಿದುಬಿದ್ದರೂ ಪಾಳಿಯ ಡಬ್ಬಿಗಳು ಅಲ್ಲೇ ಇದ್ದವು. ಮತ್ತೆ ಎದ್ದ ಸೇವೆ ಮುಂದಿನ ಡಬ್ಬಿಗೆ ಕೈಹಾಕಿತು.